ಹೋದ ಅನ್ನಬಾರದ ಮನೆ

ಆ ಮನೆಯಲ್ಲಿ ಒಂದು ಮಾತನ್ನು ಆಡುವಂತಿರಲಿಲ್ಲ. ಬೈಗುಳವಲ್ಲ, ಶಾಪವಲ್ಲ, ಬಾಯಿದ್ದವರೆಲ್ಲ ದಿನಕ್ಕೆ ನೂರು ಸಲ ಆಡುವ ಮಾತು. ಹೋದ. ಹೋದ, ಹೋದಳು, ಹೋಯ್ತು. ಅಲ್ಲಿ ಬಸ್ಸು ಹೋಗಿಬಿಡುತ್ತಿರಲಿಲ್ಲ, "ಸಿಗಲಿಲ್ಲ." ಕರೆಂಟು ಹೋಗುತ್ತಿರಲಿಲ್ಲ, "ತೆಗೆದರು." ನೆಂಟರು ಬಂದು ಎರಡು ದಿನ ಇದ್ದು "ಹೊರಟರು." ಹೋಗು ಅನ್ನಬಹುದು, ಹೋಗ್ತೀನಿ ಅನ್ನಬಹುದು, ಹೋಗೇ ಹೋಗ್ತೀನಿ ಅಂತ ಬಾಗಿಲು ಬಡಿದು ಜಗಳವನ್ನೂ ಆಡಬಹುದು. ಆದರೆ ಯಾರೂ ಹೋಗಿ ಆಗಿರಬಾರದು. ಮಗಳು ಶಾಲೆಯಲ್ಲಿ ಕಲಿತ ಗಾದೆಯನ್ನು ಒಮ್ಮೆ ಊಟದ ಹೊತ್ತಿನಲ್ಲಿ ಒಪ್ಪಿಸಿದಳು: ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಪ್ಪ ಅರ್ಧ ಊಟಕ್ಕೆ ಎದ್ದು ಕೈ ತೊಳೆದ. ಚಿಕ್ಕಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಅಮ್ಮ ಬೆನ್ನಿಗೊಂದು ಗುದ್ದಿದಳು. ಬೇರೆಯವರ ಮನೆಯಲ್ಲಿ ಮಕ್ಕಳು ಗಾದೆ ಹೇಳಿದರೆ ಭೇಷ್ ಅನ್ನುತ್ತಾರೆ.

ಆ ಮಗಳ ತಲೆಯಲ್ಲಿ ಈಗ ಬಿಳಿ ಕೂದಲು. ಹೆದ್ದಾರಿ ಪಕ್ಕದಲ್ಲಿ ಅಪ್ಪ ಹಾಕಿದ ಪಂಚರ್ ಅಂಗಡಿಯನ್ನು ಅವಳೇ ನಡೆಸುತ್ತಾಳೆ. ಲಾರಿಯವರಿಗೆಲ್ಲ ಅವಳು ಪಂಚರ್ ಅಕ್ಕ. ಬಿಗಿದ ಟೈರಿಗೆ ಸಲಾಕೆ ಹಾಕಿ ಮೀಟುವಾಗ ಅವಳ ಬಾಯಿಂದ ಉದುರುವುದನ್ನು ಕೇಳುವುದಕ್ಕೇ ಕೆಲವರು ಗಾಡಿ ನಿಲ್ಲಿಸುತ್ತಾರೆ ಅಂತ ಮಾತಿದೆ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವಳು, ಅಪ್ಪ, ಮತ್ತು ಅಪ್ಪನ ತಮ್ಮನ ಹೆಂಡತಿ ಚಿಕ್ಕಮ್ಮ. ಅಪ್ಪ, ಚಿಕ್ಕಮ್ಮ ಇಬ್ಬರೂ ಒಂದೇ ಸೂರಿನ ಕೆಳಗೆ ಮುದುಕರಾದರು, ಒಂದು ನೇರ ಮಾತಿಲ್ಲದೆ.

"ನಿಮ್ಮಪ್ಪನಿಗೆ ಹೇಳು, ಅನ್ನ ಆರ್ತಿದೆ."

"ನಿಮ್ಮ ಚಿಕ್ಕಮ್ಮನಿಗೆ ಹೇಳು, ಕೇಳಿಸ್ತು ಅಂತ."

ನಡುವೆ ನಿಂತವಳು ಇವಳು, ಸಂಬಳವಿಲ್ಲದ ಅಂಚೆಯವನ ಹಾಗೆ.

ಆವತ್ತು ಬೆಳಗ್ಗೆ ಗಾಳಿ ಹಾಕಿಸಿಕೊಳ್ಳಲು ನಿಂತ ಲಾರಿಯವನೊಬ್ಬ ಸುಮ್ಮನಿರಲಾರದೆ ಬಾಯಿ ತೆರೆದ.

"ಅಕ್ಕಾ, ಆ ಹಳೇ ರೇಸ್ ಟ್ರ್ಯಾಕಿನ ಕಥೆ ಮುಗೀತು. ನಾಳೆಯಿಂದ ಕೀಳ್ತಾರೆ. ನಾನೇ ಮೆಷಿನ್ನು ಇಳಿಸಿ ಬಂದೆ ಗೇಟಿನ ಹತ್ರ. ಗೋಡೌನು ಕಟ್ತಾರಂತೆ."

ಅಪ್ಪ ಟಬ್ಬಿನ ನೀರಿನಲ್ಲಿ ಟ್ಯೂಬು ಅದ್ದಿ ತೂತು ಹುಡುಕುತ್ತಿದ್ದ. ತೂತು ಸಿಕ್ಕಿತ್ತು, ಗುಳ್ಳೆ ಏಳುತ್ತಿತ್ತು. ಗುರುತು ಹಾಕಬೇಕಾದ ಕೈ ಮಾತ್ರ ಅಲ್ಲೇ ನಿಂತಿತು. ಗುಳ್ಳೆ ಏಳುತ್ತಲೇ ಇತ್ತು.

ಮಧ್ಯಾಹ್ನ ಊಟಕ್ಕೆ ಕರೆದರೆ ಅಪ್ಪ ಇಲ್ಲ. ಚಪ್ಪಲಿ ಇಲ್ಲ. ಬೀರುವಿನ ಮೇಲೆ ದಿಂಬಿನ ಚೀಲದೊಳಗೆ ಸುತ್ತಿಟ್ಟಿದ್ದ ಹಳದಿ ಬಾವುಟವೂ ಇಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಗಳು ಕಿಟಕಿಯ ಕಟ್ಟೆಯ ಮೇಲೆ ಹಾಗೇ ಬಿದ್ದಿದ್ದವು.

ಆ ಬಾವುಟದ ಕಥೆ ಹೇಳದೆ ಮುಂದೆ ಸಾಗುವ ಹಾಗಿಲ್ಲ. ಟ್ರ್ಯಾಕು ನಡೆಯುತ್ತಿದ್ದ ಕಾಲದಲ್ಲಿ ಅಪ್ಪ ಅಲ್ಲಿ ಆ ಬಾವುಟ ಹಿಡಿದು ತಿರುವು ಕಾಯುವವನು. ಬಂಡೆ ತಿರುವು ಅವನದು. ಅದಕ್ಕೆ ಮೊದಲು ಬರುವ ಕೆರೆ ತಿರುವು ಅವನ ಗೆಳೆಯ, ಕಟಿಂಗ್ ಅಂಗಡಿಯವನದು. ನಡುವೆ ದಿಬ್ಬ, ಒಬ್ಬರ ಮುಖ ಒಬ್ಬರಿಗೆ ಕಾಣದು. ಫೋನು ಗೀನು ಏನೂ ಇಲ್ಲದ ಕಾಲ, ಇದ್ದದ್ದು ಬಾಯಿ. ಬೈಕು ತನ್ನ ತಿರುವು ದಾಟಿ ಮುಂದಿನವನ ಕಡೆ ನುಗ್ಗಿದರೆ "ಬಂದ" ಅಂತ ಕೂಗಬೇಕು. ರೇಸು ಮುಗಿದು ಕಟ್ಟಕಡೆಯ ಬೈಕು ದಾಟಿದರೆ "ಹೋದ" ಅಂತ ಕೂಗಬೇಕು. ಹೋದ ಅಂದರೆ ಹಿಂದೆ ಯಾರೂ ಉಳಿದಿಲ್ಲ, ಬಾವುಟ ಸುತ್ತು, ಮಾತು ಮುಂದಿನವನಿಗೆ ದಾಟಿಸು, ಮನೆಗೆ ನಡೆ. ಬಾಯಿಂದ ಬಾಯಿಗೆ ಆ ಒಂದು ಮಾತು ಟ್ರ್ಯಾಕನ್ನೆಲ್ಲ ಸುತ್ತಿ ಗೇಟಿಗೆ ಮುಟ್ಟಿದರೆ ಆಂಬುಲೆನ್ಸೂ ಹೊರಡುತ್ತಿತ್ತು.

ಚಿಕ್ಕಪ್ಪ ಬೈಕು ಓಡಿಸುವವನು. ಟ್ರ್ಯಾಕಿನ ತುಂಬ ಅವನಿಗೆ ಅರ್ಧಬ್ರೇಕು ಅಂತಲೇ ಹೆಸರು. ಬೇರೆಯವರು ಪೂರ್ತಿ ಬ್ರೇಕು ಹಿಡಿಯುವ ಕಡೆ ಇವನು ಅರ್ಧ ಹಿಡಿದು ಉಳಿದರ್ಧ ದೇವರಿಗೆ ಬಿಡುತ್ತಿದ್ದ. ಆ ಕೊನೆಯ ರೇಸಿನಲ್ಲಿ ಅವನು ಎಲ್ಲರಿಗಿಂತ ಹಿಂದೆ ಬಿದ್ದಿದ್ದ. ಅಪ್ಪನಿಗೆ ಅದು ತಿಳಿಯದು. ತಮ್ಮನ ಹಾಗೇ ಕೆಂಪು ಹೆಲ್ಮೆಟ್ಟು ಹಾಕಿದ್ದ ಇನ್ನೊಬ್ಬ ಹೊಗೆ ಧೂಳಿನ ನಡುವೆ ದಾಟಿದ್ದನ್ನು ನೋಡಿ ತಮ್ಮನೇ ಅಂದುಕೊಂಡಿದ್ದ. ಅದೇ ಹೊತ್ತಿಗೆ ಕೆರೆ ತಿರುವಿನಿಂದ ಕೂಗು ಬಂತು: ಹೋದ.

ಕಟಿಂಗ್ ಅಂಗಡಿಯವನು ಕೂಗಿದ್ದು ಬೇರೆ ಅರ್ಥದಲ್ಲಿ. ತಿರುವು ತಪ್ಪಿ ಪೊದೆಯೊಳಕ್ಕೆ ಹಾರಿದ ಬೈಕನ್ನು ಕಂಡು ಎದೆ ಬಿರಿಯುವ ಹಾಗೆ ಕೂಗಿದ್ದ. ಕಣ್ಣೆದುರಿಗೆ ಒಬ್ಬ ಹಾರಿ ಬಿದ್ದರೆ ಮನುಷ್ಯನ ಬಾಯಲ್ಲಿ ಇನ್ನೇನು ಬರುತ್ತದೆ? ಅಪ್ಪ ಅದನ್ನು ಕೇಳಿ ನೆಮ್ಮದಿಯಿಂದ ಬಾವುಟ ಸುತ್ತಿದ, ಅದೇ ಮಾತನ್ನು ಮುಂದಿನ ತಿರುವಿಗೆ ದಾಟಿಸಿದ, ಸಿಳ್ಳೆ ಹಾಕುತ್ತಾ ಮನೆಗೆ ನಡೆದ. ಆಂಬುಲೆನ್ಸು ಹೊರಟಿತು. ದಿಬ್ಬದ ಆಚೆ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೆಳೆಯ ಕೂಗುತ್ತಲೇ ಇದ್ದ. ಕೇಳುವವರು ಒಬ್ಬರೂ ಉಳಿದಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೆಣ ಮನೆಗೆ ಬಂತು. ಟ್ರ್ಯಾಕು ಮತ್ತೆ ತೆರೆಯಲಿಲ್ಲ. ಕಟಿಂಗ್ ಅಂಗಡಿಯವನು ಕತ್ತರಿ ಬಾಚಣಿಗೆ ಕಟ್ಟಿಕೊಂಡು ಊರು ಬಿಟ್ಟ.

ಪಂಚರ್ ಅಕ್ಕ ಮಾತ್ರೆ, ವ್ಯಾನಿನ ಕೀ ತಗೊಂಡು ಹೊರಗೆ ಬಂದರೆ ಚಿಕ್ಕಮ್ಮ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದಳು. ಮಡಿಲಲ್ಲಿ ಊಟದ ಡಬ್ಬಿ.

"ನೀನೆಲ್ಲಿಗೆ?"

"ಅನ್ನ ಆರ್ತಿದೆ ಅಂತ ಹೇಳೋಕೆ."

"ಅದನ್ನ ನಾನೇ ಹೇಳ್ತೀನಿ. ಹುಟ್ಟಿದಾಗಿಂದ ಅದೇ ತಾನೆ ನನ್ನ ಕೆಲಸ."

"ನಿನ್ನ ಬಾಯಿ ದಾಟೋ ಅಷ್ಟರಲ್ಲಿ ಮಾತು ಹಳಸಿರುತ್ತೆ. ಗಾಡಿ ತೆಗಿ."

ಗೇಟಿನ ಎದುರು ನೆಲ ಅಗೆಯುವ ಹಳದಿ ಮೆಷಿನ್ನುಗಳು ಸಾಲಾಗಿ ನಿಂತಿದ್ದವು, ಕೊಕ್ಕು ನೆಲಕ್ಕೆ ಊರಿಕೊಂಡು. ಕಾವಲುಗಾರ ಮುರಿದ ಕುರ್ಚಿಯಲ್ಲಿ ಕೂತು ಕಿವಿ ಕೆರೆದುಕೊಳ್ಳುತ್ತಿದ್ದ.

"ಮುದುಕರೊಬ್ಬರು ಈ ಕಡೆ ಬಂದ್ರಾ?"

"ಬಾವುಟ ಹಿಡ್ಕೊಂಡಿದ್ದವನಾ? ಆಗಲೇ ಹೋದ."

ಚಿಕ್ಕಮ್ಮ ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದಳು. ಪಂಚರ್ ಅಕ್ಕ ಕಾವಲುಗಾರನ ಮೇಲೆ ಏರಿ ಬಂದಳು. "ಬಾಯಲ್ಲಿ ಒಳ್ಳೇ ಮಾತು ಹುಟ್ಟಲ್ವಾ ನಿನಗೆ?"

"ನಾನೇನಮ್ಮ ಅಂದೆ?" ಅವನು ಕುರ್ಚಿ ಹಿಂದಕ್ಕೆ ಎಳೆದುಕೊಂಡ. "ಒಳಗೆ ಹೊಕ್ಕ ಅಂದೆ. ಸಂಜೆಯೊಳಗೆ ಕರ್ಕೊಂಡು ಬನ್ನಿ. ಬೆಳಕು ಹರಿಯೋ ಹೊತ್ತಿಗೆ ಮೆಷಿನ್ನು ಒಳಗೆ ನುಗ್ಗಿಸ್ತಾರೆ. ಪೊದೆಯಲ್ಲಿ ಮನುಷ್ಯ ಇದಾನಾ ಅಂತ ಇಳಿದು ನೋಡೋ ಜನ ಅಲ್ಲ ಅವರು."

ವ್ಯಾನು ಹೆಚ್ಚು ದೂರ ಸಾಗಲಿಲ್ಲ, ಟಾರನ್ನು ಸೀಳಿಕೊಂಡು ಮರ ಎದ್ದಿತ್ತು. ಇಳಿದು ನಡೆದರು. ಎಡಕ್ಕೆ ಬೈಕು ರಿಪೇರಿಯ ಕೋಣೆಗಳ ಸಾಲು. ಷಟರುಗಳು ತುಕ್ಕು ಹಿಡಿದು ಅರ್ಧಕ್ಕೆ ಸಿಕ್ಕಿಕೊಂಡಿದ್ದವು, ನಿದ್ದೆಗಣ್ಣಿನ ರೆಪ್ಪೆಗಳ ಹಾಗೆ. ಪಂಚರ್ ಅಕ್ಕ ಒಂದರೊಳಗೆ ಬಗ್ಗಿ ನೋಡಿದಳು. ಗೋಡೆಯ ತುಂಬ ಮೊಳೆಗಳು. ಯಾವ ಸ್ಪ್ಯಾನರು ಎಲ್ಲಿ ನೇತಾಡಬೇಕು ಅಂತ ಮೊಳೆಯ ಕೆಳಗೆ ಅದರದರ ಆಕಾರವನ್ನು ಕರಿ ಬಣ್ಣದಲ್ಲಿ ಬರೆದಿದ್ದರು. ಸ್ಪ್ಯಾನರು ಒಂದೂ ಇಲ್ಲ, ಆಕಾರ ಎಲ್ಲಾ ಇದೆ. ಸುಟ್ಟ ಎಣ್ಣೆಯ ವಾಸನೆ ಕೂಡ ಇತ್ತು, ನಿನ್ನೆ ಮೊನ್ನೆಯದರಂತೆ. ಅವಳು ತಲೆ ಹೊರಗೆಳೆದುಕೊಂಡಳು.

"ಏನಿದೆ?" ಅಂದಳು ಚಿಕ್ಕಮ್ಮ.

"ಏನಿರುತ್ತೆ, ಬಾವಲಿ."

ಜನ ಕೂರುತ್ತಿದ್ದ ಮೆಟ್ಟಿಲುಗಳ ಮೇಲೆ ಈಗ ಗಿಡಗಳು ಕೂತಿದ್ದವು, ಸಾಲು ಸಾಲಾಗಿ, ಎಲ್ಲ ಟ್ರ್ಯಾಕಿನ ಕಡೆ ಬಾಗಿ. ಮೊದಲ ತಿರುವಿನಲ್ಲಿ ಗೋಡೆಯಂತೆ ಪೇರಿಸಿದ್ದ ಹಳೆ ಟೈರುಗಳ ನಡುವೆ ಒಂದು ಮರ ಬೆಳೆದು, ಕೈಗೆ ಬಳೆ ಏರಿಸಿದ ಹಾಗೆ ನಾಕಾರು ಟೈರನ್ನು ಮೈಮೇಲೆ ಹಾಕಿಕೊಂಡು ನಿಂತಿತ್ತು. ಉಳಿದವುಗಳ ಹೊಟ್ಟೆಯಲ್ಲಿ ಮಳೆನೀರು ಕಪ್ಪಾಗಿ ನಿಂತಿತ್ತು. ಹುಲ್ಲು ಸೊಂಟದವರೆಗೆ. ಆದರೆ ಹುಲ್ಲಿನ ನಡುವೆ, ತಿರುವಿನ ಒಳಬದಿಗೆ ಒತ್ತಿಕೊಂಡು, ಒಂದು ಸಣ್ಣ ದಾರಿ ಉಳಿದಿತ್ತು. ಕಪ್ಪಗೆ, ನುಣ್ಣಗೆ. ಇಬ್ಬರೂ ತಮಗೆ ಗೊತ್ತಿಲ್ಲದೆ ಅದರ ಮೇಲೇ ನಡೆಯುತ್ತಿದ್ದರು.

"ಇಲ್ಲಿ ಯಾಕೆ ಹುಲ್ಲು ಬಂದಿಲ್ಲ?"

"ಎಲ್ಲ ಬೈಕೂ ಇದೇ ಗೆರೆ ಹಿಡಿದು ತಿರುಗೋದು. ಟೈರಿನ ರಬ್ಬರು ಕರಗಿ ಕರಗಿ ಟಾರಿಗೆ ಮೆತ್ತಿಕೊಂಡಿರುತ್ತೆ. ಬೀಜ ಬೇರು ಬಿಡಲ್ಲ."

ಪಂಚರ್ ಅಂಗಡಿಯವಳ ಉತ್ತರ, ತಪ್ಪೇನಿಲ್ಲ. ಚಿಕ್ಕಮ್ಮ ಸ್ವಲ್ಪ ದೂರ ನೆಲ ನೋಡುತ್ತಾ ನಡೆದಳು.

"ಬೀಜ ಬೇರು ಬಿಡಲ್ಲ, ಸರಿ. ಎಲೆ ಯಾಕೆ ಬಿದ್ದಿಲ್ಲ?"

ಹೌದು, ಎರಡೂ ಕಡೆ ಒಣಗಿದ ಎಲೆ ಮೊಣಕಾಲೆತ್ತರ. ಗೆರೆಯ ಮೇಲೆ ಒಂದೂ ಇಲ್ಲ. ಈಗಷ್ಟೇ ಗುಡಿಸಿದ ಅಂಗಳ. ಅಕ್ಕ ಪಕ್ಕಕ್ಕೆ ಸರಿದು ಹುಲ್ಲಿನಲ್ಲಿ ನಡೆಯತೊಡಗಿದಳು, ಮುಳ್ಳು ತರಚಿದರೂ ಸರಿ ಅಂತ.

ಕೆರೆಯಲ್ಲಿ ನೀರಿಗಿಂತ ಜೊಂಡು ಜಾಸ್ತಿ ಇತ್ತು. ತಿರುವಿನ ಹೊರಬದಿಗೆ ಪೊದೆಗಳ ಗುಡ್ಡೆ. ಚಿಕ್ಕಮ್ಮ ನಿಂತಳು.

"ಇಲ್ಲೇನಾ?"

"ಇಲ್ಲೇ ಇರಬೇಕು."

"ಇಷ್ಟು ಚಿಕ್ಕ ತಿರುವಾ," ಅಂದಳು ಚಿಕ್ಕಮ್ಮ. "ನಾನು ಏನೇನೋ ಅಂದ್ಕೊಂಡಿದ್ದೆ." ಅಲ್ಲೇ ಅಂಚುಕಲ್ಲಿನ ಮೇಲೆ ಕೂತಳು. ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟಳು. "ನನಗೆ ಇನ್ನು ಕಾಲು ಬರಲ್ಲ. ನೀನು ನಡಿ."

ದಿಬ್ಬ ಹತ್ತಿ ಇಳಿದರೆ ಬಂಡೆ ತಿರುವು. ಅಪ್ಪ ಅಲ್ಲೇ ಇದ್ದ. ತಿರುವು ಕಾಯುವವನಿಗೆ ಅಂತ ಕಟ್ಟಿದ್ದ ಸಿಮೆಂಟು ಕಟ್ಟೆಯ ಸುತ್ತ ಹುಲ್ಲನ್ನು ಬರಿಗೈಯಲ್ಲಿ ಕಿತ್ತು ಹಾಕಿ, ಮೇಲೆ ನೆಟ್ಟಗೆ ನಿಂತಿದ್ದ. ಬೆರಳಲ್ಲಿ ರಕ್ತ. ಹಳದಿ ಬಾವುಟ ಮಾಸಿ ಹಳೆ ಗೋಡೆಯ ಬಣ್ಣಕ್ಕೆ ತಿರುಗಿತ್ತು.

"ಅಪ್ಪಾ, ಇಳಿ. ಮಾತ್ರೆ ತಗೊಂಡಿಲ್ಲ ನೀನು."

"ಇಲ್ಲೇ ಕೊಡು." ನೀರಿಲ್ಲದೆ ನುಂಗಿದ. ಕಣ್ಣನ್ನು ದಿಬ್ಬದಿಂದ ಕೀಳಲಿಲ್ಲ.

"ಊಟ ತಂದಿದೀನಿ. ಮನೆಗೆ ನಡಿ."

"ಹಿಂದಿನವನು ಇನ್ನೂ ಹೇಳಿಲ್ಲ."

"ಯಾರಪ್ಪ ಹಿಂದಿನವನು?"

"ಕೆರೆ ತಿರುವು. ಅಲ್ಲಿಂದ ಮಾತು ಬರದೆ ನಾನು ಬಾವುಟ ಸುತ್ತೋ ಹಾಗಿಲ್ಲ. ಒಂದು ಸಲ ಸುತ್ತಿದೆ, ಮಗಾ. ಕಡೆಯವನು ದಾಟಿರಲಿಲ್ಲ." ಅಪ್ಪನ ದನಿ ಹುಚ್ಚು ಹಿಡಿದವನದಲ್ಲ, ಈ ಟೈರು ಇನ್ನು ಬಾಳಲ್ಲ ಅಂತ ಗಿರಾಕಿಗೆ ಹೇಳುವ ದನಿ. "ನಾಳೆ ರಸ್ತೇನೇ ಕಿತ್ತು ಹಾಕ್ತಾರೆ. ಆಮೇಲೆ ಅವನು ಯಾವುದರ ಮೇಲೆ ಬರ್ತಾನೆ?"

"ಕೆರೆ ತಿರುವಿನಲ್ಲಿ ಯಾರೂ ಇಲ್ಲ. ಕಟಿಂಗ್ ಅಂಗಡಿಯವರು ಸತ್ತು ಎಷ್ಟು ಕಾಲ ಆಯ್ತು."

"ತಿರುವು ಖಾಲಿ ಬಿಟ್ಟು ರೇಸು ಮುಗಿಸೋಕಾಗಲ್ಲ."

ಅವಳು ತೋಳು ಹಿಡಿದು ಎಳೆದಳು. ಲಾರಿ ಟೈರು ಎತ್ತುವ ಕೈ ಅವಳದು. ಆದರೂ ಆ ಒಣಕಲು ಮುದುಕ ಕದಲಲಿಲ್ಲ. ಬೈದಳು. ನಿನ್ನ ಹಟಕ್ಕೆ ಬೆಂಕಿ ಹಾಕ ಅಂದಳು, ಮೆಷಿನ್ನಿಗೆ ಸಿಕ್ಕು ಸಾಯಿ, ನಾನು ಅಂಗಡಿ ಬಿಟ್ಟು ಬರಲ್ಲ ಅಂದಳು. ಅಪ್ಪ ತಲೆಯಾಡಿಸಿದ, ಅದೂ ನ್ಯಾಯವೇ ಅನ್ನುವ ಹಾಗೆ. ಬೈಯುತ್ತ ಬೈಯುತ್ತ ಅವಳಿಗೆ ಒಂದು ಹೊಳೆಯಿತು. ತಿರುವು ಖಾಲಿ ಇಲ್ಲವಲ್ಲ. ಚಿಕ್ಕಮ್ಮ ಕೂತಿದ್ದಾಳೆ.

ಉಸಿರು ಕಟ್ಟಿಕೊಂಡು ದಿಬ್ಬ ದಾಟಿ ಬಂದಳು. "ಚಿಕ್ಕಮ್ಮ, ನೀನು ಕೂಗಬೇಕು."

"ಏನಂತ?"

"ಅದೇ." ಈಗಲೂ ಬಾಯಿಗೆ ಬರಲಿಲ್ಲ. "ಆ ಮಾತು. ಕೆರೆ ತಿರುವಿನಿಂದ ಕೇಳಿಸಿದರೆ ಸಾಕು, ಬಾವುಟ ಸುತ್ತಿ ಬರ್ತಾನೆ."

"ನೀನೇ ಕೂಗು. ನಿನ್ನ ಗಂಟಲು ಹೆದ್ದಾರಿಗೆಲ್ಲ ಕೇಳುತ್ತೆ."

"ನನ್ನ ದನಿ ಅವನಿಗೆ ಗೊತ್ತು. ನೀನು ದನಿ ಎತ್ತಿದ್ದನ್ನ ಅವನು ಕೇಳೇ ಇಲ್ಲ."

ಚಿಕ್ಕಮ್ಮ ಪೊದೆಯ ಕಡೆ ನೋಡಿದಳು. "ನನ್ನ ಗಂಡನ್ನ ನಾನೇ ಹೋದ ಅಂತ ಕೂಗಬೇಕಾ?"

ಆ ಮಾತು ಆ ಬಾಯಲ್ಲಿ.

"ಅವತ್ತು ಎಲ್ಲರೂ ಕೂಗಿದ್ರು. ಕಟಿಂಗ್ ಅಂಗಡಿಯವನು ಕೂಗಿದ, ನಿಮ್ಮಪ್ಪ ಕೂಗಿದ್ರು, ಈ ಟ್ರ್ಯಾಕಿಗೆ ಟ್ರ್ಯಾಕೇ ಕೂಗಿತು. ನಾನು ಮನೇಲಿ ಒಲೆ ಮುಂದೆ ಇದ್ದೆ. ನನಗೆ ಮಾತ್ರ ಯಾರೂ ಕೂಗಿ ಹೇಳಲಿಲ್ಲ."

"ಅದಕ್ಕೇನಾ ಅಪ್ಪನ ಹತ್ರ ಮಾತು ಬಿಟ್ಟಿದ್ದು?"

"ನಾನೆಲ್ಲಿ ಬಿಟ್ಟೆ? ಅವರು ಎದುರಿಗೆ ಬಂದು ನಿಂತು ಒಂದು ಮಾತು ಆಡ್ಲಿ ಅಂತ ಕಾದೆ. ನಾನು ಮೊದಲು ಬೈಲಿ ಅಂತ ಅವರು ಕಾದ್ರು. ಅಷ್ಟರಲ್ಲಿ ಇಬ್ಬರಿಗೂ ಹಲ್ಲು ಉದುರಿದವು."

"ಕೂಗ್ತೀಯೋ ಇಲ್ವೋ? ಹೊತ್ತು ಇಳೀತಿದೆ."

"ನೀನು ಅವರ ಹತ್ರ ನಡಿ. ನೋಡೋಣ."

ಅಕ್ಕ ವಾಪಸು ಬಂದು ಅಪ್ಪನ ಕಟ್ಟೆಯ ಪಕ್ಕದಲ್ಲಿ ನಿಂತಳು. ಬಿಸಿಲು ಹುಲ್ಲಿನ ತುದಿಗೆ ಇಳಿದಿತ್ತು. ಇಷ್ಟು ಹೊತ್ತೂ ಕಿರುಚುತ್ತಿದ್ದ ಹಕ್ಕಿಗಳು ಯಾವಾಗ ನಿಲ್ಲಿಸಿದವೋ ಅವಳಿಗೆ ತಿಳಿಯಲಿಲ್ಲ. ಕಟ್ಟೆಯ ಪಕ್ಕದ ಟೈರೊಂದರಲ್ಲಿ ನೀರು ನಿಂತಿತ್ತು, ಅದರಲ್ಲಿ ಆಕಾಶದ ಒಂದು ತುಂಡು. ಕೂಗೇ ಮಾರಾಯ್ತಿ, ಅಂತ ಮನಸ್ಸಿನಲ್ಲೇ ಬೇಡಿಕೊಂಡಳು. ಮೂರಕ್ಷರವೂ ಇಲ್ಲ. ಕೂಗು.

ಕೂಗು ಬಂತು. ದಿಬ್ಬದ ಆಚೆಯಿಂದ, ಗಂಟಲು ಹರಿದು ಬಂದ ದನಿ.

"ಬಂದ!"

ಪಂಚರ್ ಅಕ್ಕ ಹಲ್ಲು ಕಚ್ಚಿದಳು. ಹೇಳಿದ್ದೇನು, ಈ ಮುದುಕಿ ಕೂಗಿದ್ದೇನು. ಆದರೆ ಅಪ್ಪನ ಮೈ ಬಿಗಿಯಿತು, ಬಾವುಟ ಹಿಡಿದ ಕೈ ಪಕ್ಕಕ್ಕೆ ಚಾಚಿ ನಿಂತಿತು. ದಿಬ್ಬದ ನೆತ್ತಿಯಲ್ಲಿ ಹುಲ್ಲು ಎರಡು ಪಾಲಾಗಿ ಬಾಗಿತು. ಗಾಳಿ ಇರಲಿಲ್ಲ. ಟೈರಿನೊಳಗಿನ ನೀರು ನಡುಗಿತು, ಆಕಾಶದ ತುಂಡು ಒಡೆದು ಉಂಗುರ ಉಂಗುರವಾಯಿತು. ಸದ್ದು ಕೇಳಿಸಿತೇ? ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಅವಳಿಗೆ ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ಬೆಚ್ಚಗೆ ಏನೋ ಮುಖ ಸವರಿತು, ಸುಟ್ಟ ಎಣ್ಣೆಯ ವಾಸನೆ. ಅಪ್ಪನ ತಲೆ ನಿಧಾನಕ್ಕೆ ಬಲದಿಂದ ಎಡಕ್ಕೆ ತಿರುಗಿತು, ದಾಟುವ ಗಾಡಿಯನ್ನು ನೋಡುವವರ ತಲೆ ತಿರುಗುವ ಹಾಗೆ. ಅವಳ ತಲೆಯೂ ತಿರುಗಿತ್ತು. ಯಾಕೆ ತಿರುಗಿಸಿದೆ ಅಂತ ಹೊಳೆಯುವ ಹೊತ್ತಿಗೆ ಕತ್ತು ಪೂರ್ತಿ ಎಡಕ್ಕೆ ಬಂದಿತ್ತು.

ಅಲ್ಲಿ ಏನೂ ಇರಲಿಲ್ಲ. ಕಪ್ಪು ಗೆರೆ, ಅದರಾಚೆ ಹುಲ್ಲು.

ಅಪ್ಪ ಮುಂದಿನ ತಿರುವಿನ ಕಡೆ ಮುಖ ಮಾಡಿ, ಎದೆ ತುಂಬ ಉಸಿರೆಳೆದು ಕೂಗಿದ. "ಹೋದ!"

ಯಾರೂ ಓಗೊಡಲಿಲ್ಲ. ಅದಕ್ಕೆ ಅವನು ಕಾಯಲೂ ಇಲ್ಲ. ಬಾವುಟವನ್ನು ಕೋಲಿಗೆ ಸುತ್ತಿದ, ಬಟ್ಟೆಯ ತುದಿಯನ್ನು ಒಳಗೆ ಸಿಕ್ಕಿಸಿದ, ಮಗಳ ಹೆಗಲು ಹಿಡಿದು ಕಟ್ಟೆ ಇಳಿದ. ಈಗ ಅವನ ಮೈಯಲ್ಲಿ ಭಾರವೇ ಇರಲಿಲ್ಲ.

ಕೆರೆ ತಿರುವಿನಲ್ಲಿ ಚಿಕ್ಕಮ್ಮ ಎದ್ದು ನಿಂತಿದ್ದಳು. ಅಕ್ಕ ಮೊದಲು ಹತ್ತಿರ ಬಂದು ಪಿಸುಗುಟ್ಟಿದಳು. "ನಿನಗೆ ನಾನು ಹೇಳಿದ್ದು ಬೇರೆ. ಯಾಕೆ ಹಾಗೆ ಕೂಗಿದೆ?"

ಚಿಕ್ಕಮ್ಮ ಅವಳ ಕಡೆ ನೋಡಲಿಲ್ಲ. "ಕಂಡಿದ್ದನ್ನ ಕೂಗಿದೆ."

ಅಪ್ಪ ಕೋಲೂರಿಕೊಂಡು ಬಂದು ಅವಳ ಎದುರಿಗೆ ನಿಂತ. ಇಬ್ಬರ ನಡುವೆ ಎಂದಿನಂತೆ ನಿಲ್ಲಲು ಹೊರಟ ಮಗಳನ್ನು ಚಿಕ್ಕಮ್ಮ ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು.

"ಅವರು ದಾಟಿದ್ರಾ, ಭಾವ?"

"ಹೋದನಮ್ಮ."

"ಬಂಡೆ ಹತ್ರ ಸರಿಯಾಗಿ ತಿರುಗಿಸಿದ್ರಾ?"

ಅಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. "ಅರ್ಧಬ್ರೇಕು," ಅಂದ.

ಚಿಕ್ಕಮ್ಮನ ಬಾಯಿಂದ ಬಂದದ್ದು ನಗುವೋ ಅಳುವೋ, ಹಲ್ಲಿಲ್ಲದ ಬಾಯಿ, ಹೇಳುವುದು ಕಷ್ಟ. "ಅನ್ನ ಆರಿದೆ, ಭಾವ," ಅಂದಳು.

"ಕೇಳಿಸ್ತು."

ವ್ಯಾನಿನಲ್ಲಿ ಇಬ್ಬರೂ ಹಿಂದೆ ಕೂತು ಒಂದೇ ಡಬ್ಬಿಯ ಮುಚ್ಚಳ ತೆಗೆದರು. ಅಂಚೆಯವಳ ಕೆಲಸ ತಪ್ಪಿದ ಪಂಚರ್ ಅಕ್ಕ ಕನ್ನಡಿಯಲ್ಲಿ ಅವರನ್ನು ನೋಡಿದಳು, ಅವರ ತಲೆಗಳ ನಡುವಿನಿಂದ ಹಿಂದೆ ಸರಿಯುವ ಟ್ರ್ಯಾಕನ್ನೂ ನೋಡಿದಳು. ಕಪ್ಪು ಗೆರೆಯ ಮೇಲೆ ಎಲೆಗಳು ಬೀಳುತ್ತಿದ್ದವು. ಒಂದೊಂದೇ, ಯಾವ ಅವಸರವೂ ಇಲ್ಲದೆ, ಬಿದ್ದಲ್ಲೇ ಉಳಿಯುತ್ತಿದ್ದವು.

ಗೇಟಿನಲ್ಲಿ ಕಾವಲುಗಾರ ಸರಪಳಿ ಹಿಡಿದು ನಿಂತಿದ್ದ. ಅಕ್ಕನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದೇ ಕೇಳಿದ. "ಒಳಗೆ ಇನ್ಯಾರಾದ್ರೂ ಉಳಿದಿದಾರಾ ಅಕ್ಕ? ಬೀಗ ಹಾಕ್ಬೇಕು."

ಇಲ್ಲ ಅನ್ನಲು ಅವಳು ಬಾಯಿ ತೆರೆದಳು. ಕನ್ನಡಿಯಲ್ಲಿ ಅಪ್ಪ ಅಗಿಯುವುದನ್ನು ನಿಲ್ಲಿಸಿ ಕಾಯುತ್ತಿದ್ದ.

"ಒಬ್ಬರು ಇದ್ರು," ಅಂದಳು ಪಂಚರ್ ಅಕ್ಕ. "ಹೋದ್ರು."